ಕೆಂಪು ಅಂದ ಮಾತ್ರಕ್ಕೆ ಶುದ್ಧ ರಕ್ತ ಅಲ್ಲ

ಕಿವಿಗೆ ಕೇಳದ ಶಬ್ದ ಬಿಟ್ಟು ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಪರದೆಯ ಮೇಲೆ ಕೆಂಪು ಕಂಡರೆ ಶುದ್ಧ ರಕ್ತ, ನೀಲಿ ಕಂಡರೆ ಅಶುದ್ಧ ರಕ್ತ ಅಂತ ಬರೆದಿದ್ದೀರಲ್ಲ, ಅದು ಸರಿಯಲ್ಲ. ಸಾಮಾನ್ಯವಾಗಿ ಪ್ರೋಬ್ (ಮೈಮೇಲೆ ಇಟ್ಟು ಹಿಡಿಯುವ ಸಾಧನ) ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಅಷ್ಟೇ. ಪ್ರೋಬನ್ನು ಆ ಕಡೆಯಿಂದ ಈ ಕಡೆಗೆ ವಾಲಿಸಿದರೆ ಅದೇ ರಕ್ತನಾಳದ ಬಣ್ಣ ಬದಲಾಗುತ್ತದೆ. ಒಂದು ಬಟನ್ ಒತ್ತಿ ಬಣ್ಣಗಳನ್ನೇ ಅದಲು ಬದಲು ಮಾಡಲೂಬಹುದು!

ಇನ್ನೊಂದು ಮಾತು. ಯಂತ್ರ ಮೊದಲು ಅಳೆಯುವುದು ರಕ್ತದ ವೇಗವನ್ನು, ಪ್ರಮಾಣವನ್ನಲ್ಲ. ರಕ್ತಕಣಗಳಿಗೆ ತಾಗಿ ವಾಪಸ್ ಬರುವ ಶಬ್ದದ ಆವರ್ತನ ಎಷ್ಟು ಬದಲಾಯಿತು ಅಂತ ನೋಡಿ ಲೆಕ್ಕ ಹಾಕುತ್ತದೆ. ಇದರಲ್ಲಿ ಪ್ರೋಬಿನ ಶಬ್ದ ನಾಳಕ್ಕೆ ತಾಗುವ ಕೋನದ ತಲೆನೋವೇ ಜಾಸ್ತಿ. ನಾಳಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ಹಿಡಿದರೆ ರಕ್ತ ಹರಿಯುತ್ತಿದ್ದರೂ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. 60 ಡಿಗ್ರಿಯಲ್ಲಿ 5 ಡಿಗ್ರಿ ತಪ್ಪಿದರೂ ವೇಗದ ಲೆಕ್ಕ ಸುಮಾರು ಶೇ 15ರಷ್ಟು ಆಚೀಚೆ ಆಗುತ್ತದೆ. ಕತ್ತಿನ ಕೆರೋಟಿಡ್ ನಾಳ ನೋಡುವಾಗ 60 ಡಿಗ್ರಿ ಮೀರಬೇಡಿ ಅನ್ನುವುದು ಸುಮ್ನೆ ಅಲ್ಲ.

ಅಂದ ಹಾಗೆ, ಸ್ಕ್ಯಾನ್ ಮಾಡುವಾಗ ಕೇಳುವ 'ಹುಷ್ ಹುಷ್' ಸದ್ದು ಮೈಕ್ ಹಿಡಿದು ಕೇಳಿಸಿದ್ದಲ್ಲ. ಆ ಆವರ್ತನದ ವ್ಯತ್ಯಾಸವೇ ನಮ್ಮ ಕಿವಿಗೆ ಕೇಳುವಷ್ಟಿರುತ್ತದೆ. ಅದನ್ನೇ ಸ್ಪೀಕರಿಗೆ ಬಿಡುತ್ತಾರೆ.