ಅಜ್ಜಿ ಕಾದ ನಲವತ್ತೊಂದು ಸೆಕೆಂಡು

ಕುಟುಂಬದ ಪ್ರೀತಿ ಮತ್ತು ಭರವಸೆಯನ್ನು ಕುರಿತು ಮೂರು ನಿಮಿಷದ ಅನಿಮೇಷನ್ ಕಿರುಚಿತ್ರವೊಂದನ್ನು ಮನೆಯಲ್ಲಿಯೇ ತಯಾರಿಸುತ್ತೇನೆಂದು ನಾನು ಘೋಷಿಸಿದ ದಿನದಿಂದ ನಮ್ಮ ಕುಟುಂಬದಲ್ಲಿ ಪ್ರೀತಿಯೂ ಭರವಸೆಯೂ ಜೊತೆಜೊತೆಯಾಗಿ ಇಳಿಮುಖವಾದವು. ಕಥೆಯೇನೋ ಸರಳವಾಗಿತ್ತು. ದೂರ ಹೋದ ಮೊಮ್ಮಗನಿಗಾಗಿ ಅಜ್ಜಿಯೊಬ್ಬಳು ಕಿಟಕಿಯ ಬಳಿ ಕಾಯುತ್ತಾಳೆ, ಕೊನೆಗೆ ಬಾಗಿಲು ತೆರೆಯುತ್ತದೆ. ಬೇಕಾದದ್ದು ಮಕ್ಕಳಾಡುವ ಬಣ್ಣದ ಕ್ಲೇ, ಒಂದು ಮೊಬೈಲು ಮತ್ತು ಊಟದ ಮೇಜು. ಕ್ಲೇಯಲ್ಲಿ ಗೊಂಬೆ ಮಾಡಿ, ಚೂರುಚೂರೇ ಕದಲಿಸುತ್ತಾ ಫೋಟೊ ತೆಗೆದು, ಅವನ್ನೆಲ್ಲ ಸಾಲಾಗಿ ಓಡಿಸಿದರೆ ಗೊಂಬೆಗೆ ಜೀವ ಬಂದಂತೆ ಕಾಣುತ್ತದೆ.

ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು, ಓಡುತ್ತವೆ. ಒಂದೊಂದು ಫೋಟೊವನ್ನು ಎರಡೆರಡು ಫ್ರೇಮಿಗೆ ಬಳಸುವ ಸೋಮಾರಿಯ ದಾರಿ ಹಿಡಿದರೂ (ಪಳಗಿದ ಕಲಾವಿದರೂ ಇದನ್ನೇ ಮಾಡುತ್ತಾರೆಂಬುದು ನನ್ನ ಸಮಾಧಾನ) ಸೆಕೆಂಡಿಗೆ 12, ಮೂರು ನಿಮಿಷಕ್ಕೆ 2,160 ಫೋಟೊ ಬೇಕು. ಪ್ರತಿ ಫೋಟೊದ ನಡುವೆ ಅಜ್ಜಿಯನ್ನು ಎಳ್ಳಷ್ಟು ಕದಲಿಸಬೇಕು, ಉಳಿದ ಪ್ರಪಂಚ ಎಳ್ಳಷ್ಟೂ ಕದಲಬಾರದು.

ಮೊದಲ ದಿನವೇ ಟೇಬಲ್ ಲ್ಯಾಂಪಿನ ಕಾವಿಗೆ ಕ್ಲೇ ಮೆತ್ತಗಾಗಿ, ಭರವಸೆಯಿಂದ ಕತ್ತೆತ್ತಿ ನೋಡಬೇಕಿದ್ದ ಅಜ್ಜಿ ಫ್ರೇಮಿನಿಂದ ಫ್ರೇಮಿಗೆ ತೂಕಡಿಸುತ್ತಾ ಬಂದು, ಕಡೆಗೆ ಕಿಟಕಿಗೆ ಹಣೆಯಾನಿಸಿ ಮಲಗಿಯೇಬಿಟ್ಟಳು. ಗೊಂಬೆಯ ಒಳಗೆ ತಂತಿಯ ಅಸ್ಥಿಪಂಜರವಿರಬೇಕೆಂಬುದು ನನಗೆ ಆಮೇಲೆ ತಿಳಿಯಿತು. ತಂತಿ ಸೇರಿಸಿದ ಮೇಲೆ ಬೆನ್ನು ನೆಟ್ಟಗಾಯಿತಾದರೂ, ಮೊಮ್ಮಗನನ್ನು ಎದುರು ನೋಡುವವಳಿಗಿಂತ ಹೆಚ್ಚಾಗಿ ಕವಾಯತು ಮಾಡಿಸುವವಳ ಗತ್ತು ಬಂತು. ಲ್ಯಾಂಪಿನ ಸಹವಾಸವೇ ಬೇಡವೆಂದು ಹಗಲಿನ ಬೆಳಕನ್ನು ನಂಬಿದೆ. ಎರಡು ಗಂಟೆ ದುಡಿದು ತೆಗೆದ 120 ಫೋಟೊಗಳು ಹತ್ತೇ ಸೆಕೆಂಡಿನಲ್ಲಿ ಓಡಿ ಮುಗಿದಾಗ, ಆ ಎರಡು ಗಂಟೆಯಲ್ಲಿ ಹಾದುಹೋದ ಮೋಡಗಳೆಲ್ಲ ಅದರೊಳಗೆ ತುರುಕಿಕೊಂಡು, ಅಜ್ಜಿಯ ಮನೆ ಕೆಟ್ಟ ಟ್ಯೂಬ್‌ಲೈಟಿನಂತೆ ಮಿಣಮಿಣ ಎಂದಿತು.

ಇಷ್ಟಾದರೂ ಪ್ರಕೃತಿಯನ್ನು ಕ್ಷಮಿಸಬಹುದು. ಅಮ್ಮ ಮಾತ್ರ ಮೇಜಿನ ಧೂಳು ಹೊಡೆಯುವಾಗ ಅಜ್ಜಿಯನ್ನು ಎತ್ತಿ, ಒರೆಸಿ, ಬಹು ಜವಾಬ್ದಾರಿಯಿಂದ ಕಿಟಕಿಗೆ ಬೆನ್ನು ಮಾಡಿ ಕೂರಿಸಿದ್ದರು. ಕೇಳಿದರೆ, “ಪಾಪ, ಎಷ್ಟು ಹೊತ್ತು ಅಂತ ಬಿಸಿಲು ನೋಡ್ಕೊಂಡು ಕೂತಿರ್ತಾಳೋ?” ಎಂದು ನನ್ನನ್ನೇ ಗದರಿದರು.

ಮೂರು ವಾರದ ಕೊನೆಗೆ ಕೈಯಲ್ಲಿ ಉಳಿದದ್ದು 492 ಫೋಟೊ, ಅಂದರೆ 41 ಸೆಕೆಂಡು. ಮನೆಯವರನ್ನೆಲ್ಲ ಕೂರಿಸಿ ತೋರಿಸಿದೆ. ನಾನು ಅಳಿಸಲು ಮರೆತಿದ್ದ ಒಂದೇ ಒಂದು ಫೋಟೊದಲ್ಲಿ, ಸೆಕೆಂಡಿನ ಹನ್ನೆರಡನೇ ಒಂದು ಭಾಗದಷ್ಟು ಹೊತ್ತು, ಬಟ್ಟೆ ಹಿಡಿದ ಕೈಯೊಂದು ಅಜ್ಜಿಯ ತಲೆಯ ಮೇಲೆ ಮಿಂಚಿ ಮಾಯವಾಯಿತು. “ಅದು ನನ್ನ ಕೈಯಲ್ಲವೇನೋ? ಇನ್ನೊಂದು ಸಲ ಹಾಕು” ಎಂದರು ಅಮ್ಮ. ಏಳು ಸಲ ಹಾಕಿದೆ. ಪ್ರತಿ ಸಲವೂ ಕೈ ಬಂದಾಗ ಎಲ್ಲರೂ ಹೋ ಎಂದರು.

ಕಥೆಯ ಕುರಿತು ಕೇಳಿದವಳು ಮಗಳೊಬ್ಬಳೇ. “ಅಪ್ಪಾ, ಮೊಮ್ಮಗ ಯಾವಾಗ ಬರ್ತಾನೆ?” ಅವನ ಕಾಲುಗಳಿಗೆಂದು ತೆಗೆದಿಟ್ಟಿದ್ದ ಕ್ಲೇಯನ್ನೆಲ್ಲ ಅಜ್ಜಿಯ ಸೊಂಟಕ್ಕೆ ಮೆತ್ತಿಬಿಟ್ಟಿದ್ದೇನೆಂದು ಹೇಳಲು ಬಾಯಿ ಬಾರದೆ, “ಬರ್ತಾನೆ ಪುಟ್ಟಾ” ಎಂದೆ.