ಹಳೇ ಕಾರು ಮಾರುವವರ ಪಾಡು ಯಾರಿಗೂ ಬೇಡ

ಮಾರುತ್ತಿರುವುದು ನನ್ನ ಕಾರು. ಆರ್‌ಸಿ ನನ್ನ ಹೆಸರಲ್ಲೇ ಇದೆ. ಸಾಲ ತೀರಿಸಿ ಬ್ಯಾಂಕಿನ ಹೆಸರನ್ನೂ ಆರ್‌ಸಿಯಿಂದ ತೆಗೆಸಿದ್ದೇನೆ. ಇನ್ಶೂರೆನ್ಸ್ ಇನ್ನೂ ಚಾಲ್ತಿಯಲ್ಲಿದೆ. ಇಷ್ಟಿದ್ದರೂ ಮೈಸೂರಿನಲ್ಲಿ 2014ರ ಒಂದು ವ್ಯಾಗನ್ ಆರ್ ಮಾರಬೇಕು ಅಂದರೆ ನಾನು ಅರ್ಧ ಪೊಲೀಸು, ಅರ್ಧ ವಕೀಲ ಆಗಬೇಕಂತೆ!

ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿ ಕಾಫಿ ಕುಡಿದು ಮುಗಿಸಿರಲಿಲ್ಲ, ಫೋನು ಬಂತು. ಹಿಂದಿ ಮಾತು. ಸೇನೆಯಲ್ಲಿದ್ದಾನಂತೆ, ಈಗಷ್ಟೇ ಈ ಕಡೆ ಪೋಸ್ಟಿಂಗ್ ಆಗಿದೆಯಂತೆ. ಕಾರು ನೋಡುವುದೂ ಬೇಡ, ಚೌಕಾಸಿಯೂ ಬೇಡ, ಹೇಳಿದಷ್ಟು ಕೊಡುತ್ತಾನಂತೆ. ಎರಡು ಸಾವಿರ ಇಳಿಸೋಕೆ ಎರಡು ಗಂಟೆ ಜಗ್ಗಾಡುವ ಊರಿನಲ್ಲಿ ಇವನ್ಯಾವ ಪುಣ್ಯಾತ್ಮ? ವಾಟ್ಸಾಪಿಗೆ ಯೂನಿಫಾರ್ಮ್ ಫೋಟೋ, ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು ಎಲ್ಲ ಬಂತು. ಹಿಂದೆಯೇ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಅಡ್ವಾನ್ಸ್ ನನ್ನ ಅಕೌಂಟಿಗೆ ಬೀಳುತ್ತದಂತೆ. ಅಲ್ಲಯ್ಯಾ, ದುಡ್ಡು ಬರೋದಕ್ಕೆ ಪಿನ್ ಯಾಕೆ ಬೇಕು? ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ ಅಷ್ಟೇ. ಒಬ್ಬರು ಇನ್ನೊಬ್ಬರಿಗೆ ಕಲೆಕ್ಟ್ ರಿಕ್ವೆಸ್ಟ್ ಕಳಿಸಿ ದುಡ್ಡು ಎಳೆಯುವ ದಾರಿಯನ್ನು 2025ರ ಅಕ್ಟೋಬರ್‌ನಿಂದ ಮುಚ್ಚಿದ್ದಾರೆ. ಇವರು ಕ್ಯೂಆರ್ ಹಿಡಿದುಕೊಂಡು ಬರುತ್ತಿದ್ದಾರೆ. ಪಕ್ಕದ ಕೊಡಗಿನಲ್ಲಿ ಎಷ್ಟೋ ಮನೆಗಳಿಂದ ಮಕ್ಕಳು ಸೇನೆಗೆ ಹೋಗಿದ್ದಾರೆ. ಅವರ ಯೂನಿಫಾರ್ಮಿನ ಮರ್ಯಾದೆಯನ್ನೂ ಈ ಕಳ್ಳರು ಬಿಡುವುದಿಲ್ಲವಲ್ಲ, ಅದಕ್ಕೆ ಮೈ ಉರಿಯುತ್ತದೆ.

ಅವನನ್ನು ಬ್ಲಾಕ್ ಮಾಡಿದೆ, ಮುಗೀತು. ಎರಡನೆಯವನು ಮಹಾ ಚಾಲಾಕಿ. ಒಳ್ಳೇ ಕನ್ನಡ. "ಸಾರ್, ನಮ್ಮ ಭಾವ ಬರ್ತಾರೆ ಗಾಡಿ ನೋಡೋಕೆ. ಅವ್ರು ನಂಗೆ ಸ್ವಲ್ಪ ದುಡ್ಡು ಕೊಡೋದಿದೆ, ಅದಕ್ಕೆ ರೇಟಿನ ಮಾತು ಅವ್ರ ಹತ್ರ ಎತ್ತಬೇಡಿ. ನಾನೇ ನಿಮಗೆ ಪೂರ್ತಿ ಹಾಕ್ತೀನಿ" ಅಂದ. ಭಾನುವಾರ ಹಾಸನ ಕಡೆಯಿಂದ ಗಂಡ ಹೆಂಡತಿ ಬಂದರು. ಬಾನೆಟ್ ಎತ್ತಿ ನೋಡಿದರು, ಆಯಿಲ್ ನೋಡಿದರು, ಒಂದು ರೌಂಡ್ ಓಡಿಸಿದರು. ಆ ಯಮ್ಮ ಹಿಂದಿನ ಸೀಟಿನಲ್ಲಿ ಕೂತು, ಅತ್ತೆಗೆ ಕಾಲು ಚಾಚೋಕೆ ಜಾಗ ಸಾಕಾ ಅಂತ ಅಳತೆ ಮಾಡುತ್ತಿದ್ದರು. ಆಯಪ್ಪ ಫೋನ್ ತೆಗೆದು "ಹಂಗಾದ್ರೆ ನಿಮ್ಮ ತಮ್ಮನಿಗೆ ಒಂದು ಲಕ್ಷ ಹಾಕಿಬಿಡ್ತೀನಿ ಸಾರ್" ಅಂದರು.

ಯಾವ ತಮ್ಮ? ನನಗಿರುವುದು ಅಕ್ಕಂದಿರು.

ಆಮೇಲೆ ಗೊತ್ತಾಯಿತು. ಆ ಖದೀಮ ನನ್ನ ಜಾಹೀರಾತಿನ ಫೋಟೋ ಕದ್ದು, ಎಪ್ಪತ್ತು ಸಾವಿರ ಕಮ್ಮಿ ಮಾಡಿ ಬೇರೆ ಕಡೆ ಹಾಕಿದ್ದಾನೆ. ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿ, ಎಲ್ಲೋ ಕೂತು ದುಡ್ಡು ಹೊಡೆಯುವ ಪ್ಲಾನು. ಆ ಒಂದು ಲಕ್ಷ ಹೋಗಿದ್ದರೆ ಅವರು ಯಾರ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದರು ಹೇಳಿ? ನನ್ನದೇ! ಕಾರು ನನ್ನದು, ಮನೆ ನನ್ನದು, ಎದುರಿಗೆ ನಿಂತಿರುವವನೂ ನಾನೇ.

ಆ ಕಳ್ಳ ಜಾಹೀರಾತನ್ನು ರಿಪೋರ್ಟ್ ಮಾಡಿದರೆ "ಪರಿಶೀಲಿಸುತ್ತೇವೆ" ಅನ್ನೋ ಒಂದು ಸಾಲು ಬರುತ್ತದೆ. ಜಾಹೀರಾತು ಮಾತ್ರ ಅಲ್ಲೇ ಇರುತ್ತದೆ. ನನ್ನ ನಂಬರ್ ಪ್ಲೇಟೂ ಅದರಲ್ಲಿ ಕಾಣುತ್ತಿದೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅನ್ನುತ್ತಾರೆ, ಅದು ಸರಿ. ಆದರೆ ಅದು ದುಡ್ಡು ಹೋದ ಮೇಲಿನ ಮಾತಾಯಿತು. ನನ್ನ ಮನೆ ಮುಂದಿನ ಕಾರಿನ ಫೋಟೋ ಇಟ್ಟುಕೊಂಡು ಯಾವನೋ ಅಂಗಡಿ ತೆರೆದರೆ ಅದನ್ನು ಮುಚ್ಚಿಸುವವರು ಯಾರು?

ಇದೆಲ್ಲ ಸಾಕಪ್ಪಾ ಅಂತ ಡೀಲರ್ ಹತ್ತಿರ ಹೋದರೆ ಅಲ್ಲಿ ಇನ್ನೊಂದು ಕಥೆ. "ಫಾರಂ 29, 30ಕ್ಕೆ ಸಹಿ ಹಾಕಿ ಹೋಗಿ ಸಾರ್, ಉಳಿದದ್ದು ನಾವು ತುಂಬ್ಕೋತೀವಿ." ಕಾರಿನ ಮಾಲೀಕತ್ವ ವರ್ಗಾಯಿಸುವ ಫಾರಂ ಅವು. ಖಾಲಿ ಫಾರಂಗೆ ಸಹಿ! ಗಿರಾಕಿ ಸಿಗುವ ತನಕ ಕಾರು ಅವರ ಹತ್ತಿರ, ಹೆಸರು ನನ್ನದು. ಆಕ್ಸಿಡೆಂಟ್ ಆದರೆ? ಕಾರು ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಧಿಕೃತ ಡೀಲರ್ ಆದರೆ ಕಾರು ಅವರ ವಶಕ್ಕೆ ಹೋಯಿತು ಅಂತ ಫಾರಂ 29ಸಿಯಲ್ಲಿ ಆರ್‌ಟಿಓಗೆ ತಿಳಿಸಬೇಕು, 2023ರ ಏಪ್ರಿಲ್‌ನಿಂದ ಆ ನಿಯಮ ಇದೆ. ಆ ಫಾರಂ ಕೊಡಿ ಅಂದಿದ್ದಕ್ಕೆ ಕೌಂಟರಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅದೆಲ್ಲ ಯಾರೂ ಕೇಳಲ್ಲ ಸಾರ್" ಅಂದ. ಯಾರೂ ಕೇಳಲ್ಲ ಅಂತಲೇ ತಾನೇ ನೀವು ಹೀಗಾಡೋದು?

ಕಾರು ಇನ್ನೂ ಇದೆ. ನಿಜವಾಗಿ ಬೇಕಾದವರು ಹಗಲು ಹೊತ್ತು ಮನೆಗೆ ಬನ್ನಿ. ಟೆಸ್ಟ್ ಡ್ರೈವ್‌ಗೆ ಮೊದಲು ಡಿಎಲ್ ತೋರಿಸಿ, ಪಕ್ಕದ ಸೀಟಿನಲ್ಲಿ ನಾನು ಇರುತ್ತೇನೆ. ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ನನಗೆ ಬೇಡ. ನನ್ನ ಬ್ಯಾಂಕ್ ಆಪ್‌ನಲ್ಲಿ ಬ್ಯಾಲೆನ್ಸ್ ಏರಬೇಕು, ಆಮೇಲೆ ಕೀ. ಕೊಳ್ಳುವವರ ಹೆಸರು, ತಾರೀಕು ಬರೆದ ಫಾರಂಗೆ ಮಾತ್ರ ಸಹಿ. ಫಾಸ್ಟ್ಯಾಗ್ ನಾನೇ ಕಿತ್ತು ಕ್ಲೋಸ್ ಮಾಡುತ್ತೇನೆ. ಹದಿನಾಲ್ಕು ದಿನದೊಳಗೆ ಮಾರಾಟದ ವಿಷಯ ಆರ್‌ಟಿಓಗೆ ತಿಳಿಸುವುದೂ ನಾನೇ. ಭಾವ, ತಮ್ಮ, ಮೇಜರ್ ಸಾಹೇಬರ ಪರವಾಗಿ ಮಾತಾಡುವವರು, ರಾತ್ರಿ ಹನ್ನೊಂದಕ್ಕೆ "ಲಾಸ್ಟ್ ಎಷ್ಟು" ಅಂತ ಮೆಸೇಜ್ ಹಾಕುವವರು ದಯವಿಟ್ಟು ಈ ಕಡೆ ತಲೆ ಹಾಕಬೇಡಿ.