ಮೀಟಿಂಗ್ ಬೇಡ ಸರ್, ಒಂದು ಪೀರಿಯಡ್ ತಗೊಳ್ಳಿ

ಮುಖ್ಯ ಶಿಕ್ಷಕರಿಗೆ ಆಗಾಗ ನಾಯಕತ್ವ ತರಬೇತಿ ಇರುತ್ತದೆ. ಸಹಶಿಕ್ಷಕರ ಜೊತೆ ಬಾಂಧವ್ಯ ಬೆಳೆಸುವುದು ಹೇಗೆ ಅಂತ ಪಿಪಿಟಿ ತೋರಿಸುತ್ತಾರೆ. ಮಧ್ಯಾಹ್ನ ಊಟ, ಸಂಜೆ ಗ್ರೂಪ್ ಫೋಟೋ. ಮರುದಿನ ಅವರು ಶಾಲೆಗೆ ಬಂದು, ಸ್ಟಾಫ್ ಮೀಟಿಂಗ್ ಕರೆದು, ಅದನ್ನೇ ನಮಗೆ ಒಪ್ಪಿಸುತ್ತಾರೆ.

ನನ್ನ ಪ್ರಕಾರ ಹೆಡ್‌ಮಾಸ್ಟರು ನಮ್ಮವರೋ ಅಲ್ಲವೋ ಅಂತ ತಿಳಿಯುವುದು ಮೀಟಿಂಗಿನಲ್ಲಿ ಅಲ್ಲ. ಯಾರಾದರೂ ದಿಢೀರ್ ಅಂತ ರಜೆ ಕೇಳಿದ ದಿನ.

ಚಿಕ್ಕ ಮಕ್ಕಳಿಗೆ ಕಾರ್ಡ್, ಚಟುವಟಿಕೆ ಮೂಲಕ ಕಲಿಸುವ ನಲಿ ಕಲಿ ತರಗತಿಯ ಮೇಡಂ ಒಬ್ಬರ ಮಗುವಿಗೆ ಜ್ವರ ಅಂದುಕೊಳ್ಳಿ. ಬೆಳಿಗ್ಗೆ ಏಳಕ್ಕೇ ಸಿಎಲ್ (ಸಾಂದರ್ಭಿಕ ರಜೆ) ಕೇಳಿ ಮೆಸೇಜ್ ಹಾಕುತ್ತಾರೆ. ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಕೊನೆಗೆ ಬರುವುದು ಇಷ್ಟು: 'ಇವತ್ತು ಸಿಆರ್‌ಪಿ ಬರ್ತಾರಂತೆ, ನೋಡಿ ಮೇಡಂ.' ಸಿಆರ್‌ಪಿ ಅಂದರೆ ನಮ್ಮ ಕ್ಲಸ್ಟರಿನ (ಸುತ್ತಲ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ. ಏನು ನೋಡುವುದು? ರಜೆ ಕೊಟ್ಟರೋ ಇಲ್ಲವೋ? ಆ ತಾಯಿ ಜ್ವರದ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ ಹತ್ತುತ್ತಾರೆ.

ಇನ್ನೊಂದು ಥರದವರೂ ಇದ್ದಾರೆ. 'ಮಗು ನೋಡ್ಕೊಳಮ್ಮ, ನಿನ್ನ ಕ್ಲಾಸ್ ನಾನು ನೋಡ್ಕೋತೀನಿ' ಅಂತಾರೆ. ಹೋಗಿ ಕೂತೂ ಕೂರುತ್ತಾರೆ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, 'ತಟ್ಟೆ' ಎಂಬ ಗುಂಪು ಗುಂಪಾಗಿ. ಒಬ್ಬನಿಗೆ ಕಾರ್ಡ್ ಸಿಗುತ್ತಿಲ್ಲ, ಒಬ್ಬಳಿಗೆ ಅರ್ಜೆಂಟ್ ಬಾತ್‌ರೂಮು, ಇನ್ನಿಬ್ಬರದು ಪೆನ್ಸಿಲ್ ಜಗಳ. ಅಷ್ಟರಲ್ಲಿ ಫೋನ್ ರಿಂಗಾದರೆ ಎತ್ತುವುದಾದರೂ ಹೇಗೆ? 'ಕ್ಲಾಸ್ ಟೈಮಲ್ಲಿ ಮಾಹಿತಿ ಕೇಳಿದ್ರೆ ಯಾಕೆ ಕೊಡಲ್ಲ' ಎಂಬ ಪ್ರಶ್ನೆ ಅವರ ಬಾಯಲ್ಲಿ ಮತ್ತೆ ಬರುವುದಿಲ್ಲ.

ಇನ್ನು ವಾಟ್ಸಾಪ್. ಆಫೀಸಿನಿಂದ ಬಂದ 'ತುರ್ತು, ಇಂದೇ ಸಲ್ಲಿಸಿ' ಹಾಗೇ ನಮಗೆ ಫಾರ್ವರ್ಡ್ ಆಗುತ್ತದೆ. ಅರ್ಧ ಮಾಹಿತಿ ಶಾಲೆಗಳ ವಿವರ ಇರುವ ಸರ್ಕಾರಿ ಪೋರ್ಟಲ್ ಯು-ಡೈಸ್‌ನಲ್ಲಿ ಆಗಲೇ ಇರುತ್ತದೆ, ಅಲ್ವಾ? ಅದನ್ನು ತಾವೇ ತುಂಬಿ, ಉಳಿದದ್ದನ್ನು ಮಾತ್ರ ಕೇಳುವ ಹೆಡ್‌ಮಾಸ್ಟರಿಗೆ ನಾನು ದೊಡ್ಡ ನಮಸ್ಕಾರ ಹಾಕುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಕಾಗದದ ಮಾತು ಬಿಡಿ. 2025ರ ದಸರಾ ರಜೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಾವೇ ಮನೆ ಮನೆ ಸುತ್ತಿದೆವು. ಆ್ಯಪ್ ಕೈಕೊಡುತ್ತಿತ್ತು, ಕೆಲವರು ಬಾಗಿಲೇ ತೆಗೆಯುತ್ತಿರಲಿಲ್ಲ. ಸಂಜೆ ಫೋನ್ ಮಾಡಿ 'ಎಷ್ಟು ಮನೆ ಆಯ್ತು' ಅಂತ ಮಾತ್ರ ಕೇಳಿದವರುಂಟು. 'ಊಟ ಆಯ್ತಾ? ಯಾವ ಬೀದೀಲಿ ಇದ್ದೀರಿ? ನಾನೂ ಬರ್ಲಾ?' ಅಂದವರೂ ಉಂಟು. ಸರ್ವೆ ತಪ್ಪಿಸುವುದು ಇಬ್ಬರ ಕೈಯಲ್ಲೂ ಇರಲಿಲ್ಲ, ನಿಜ. ಆದರೆ ಎರಡನೆಯವರು ಏನು ಹೇಳಿದರೂ ಶಾಲೆಯಲ್ಲಿ ಇವತ್ತಿಗೂ ನಡೆಯುತ್ತದೆ.

ಅತಿಥಿ ಶಿಕ್ಷಕರನ್ನು ಮರೆಯಬೇಡಿ. 2025ರ ಬಜೆಟ್‌ನಲ್ಲಿ ಅವರ ಗೌರವಧನ ತಿಂಗಳಿಗೆ 2,000 ರೂಪಾಯಿ ಏರಿತು. ಕೈಗೆ ಬರುವುದು ಮಾತ್ರ ಎಷ್ಟೋ ಕಡೆ ತಿಂಗಳುಗಟ್ಟಲೆ ತಡ. ಅವರ ಹಾಜರಾತಿಯನ್ನು ಸರಿಯಾದ ದಿನಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿದರೆ ಅದೇ ದೊಡ್ಡ ಬೆಂಬಲ. ಶಿಕ್ಷಕರ ದಿನಾಚರಣೆಗೆ ಶಾಲು ಹೊದಿಸುವುದು ಆಮೇಲೆ.

ಹೆಡ್‌ಮಾಸ್ಟರ ಪಾಡನ್ನೂ ಹೇಳಲೇಬೇಕು. ಬಿಸಿಯೂಟದ ಅಕ್ಕಿ, ಬೇಳೆ, ಹಾಲಿನ ಪುಡಿ ಲೆಕ್ಕ ಅವರದೇ. ಮೊಟ್ಟೆ ದರ ಏರಿದರೆ ವ್ಯತ್ಯಾಸ ಎಷ್ಟೋ ಸಲ ಅವರ ಜೇಬಿನಿಂದಲೇ. ಇದರ ಮೇಲೆ ಸ್ಯಾಟ್ಸ್ (ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಅನೇಕರಿಗೆ 'ಪ್ರಭಾರ' ಎಂಬ ಹೆಸರು ಬೇರೆ, ಅಂದರೆ ಪಾಠವೂ ಅವರದೇ, ಬೈಗುಳವೂ ಅವರದೇ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತರಿಲ್ಲ. ಇಷ್ಟೆಲ್ಲ ಬರೆದುಕೊಂಡು ಕೂತವರು ನಲಿ ಕಲಿ ಕೋಣೆಗೆ ಹೋಗುವುದು ಯಾವಾಗ? ಕ್ಲಸ್ಟರಿಗೆ ಒಬ್ಬ ಗುಮಾಸ್ತರನ್ನಾದರೂ ಕೊಡಿ ಅಂತ ನಮ್ಮ ಶಿಕ್ಷಕರ ಸಂಘದವರು ಗಟ್ಟಿಯಾಗಿ ಕೇಳಬೇಕು. ಮುಂದಿನ ಸಂಘದ ಚುನಾವಣೆಗೆ ವೋಟು ಕೇಳಲು ಬಂದವರ ಮುಂದೆ ನಾನಂತೂ ಇದನ್ನೇ ಇಡುತ್ತೇನೆ.